ರಕ್ತ ಬೇಡ ಎಂದವರಿಂದ ಹೃದಯದ ಸರ್ಜನ್‌ಗಳು ಕಲಿತದ್ದು

ಓಪನ್ ಹಾರ್ಟ್ ಸರ್ಜರಿಯ ಮೊದಲ ವರ್ಷಗಳಲ್ಲಿ ಒಬ್ಬ ರೋಗಿಗೆ ಹಲವು ದಾನಿಗಳ ರಕ್ತ ಬೇಕಾಗುತ್ತಿತ್ತು. ಹೃದಯವನ್ನು ನಿಲ್ಲಿಸಿದಾಗ ಅದರ ಕೆಲಸ ಮಾಡುವುದು ಹಾರ್ಟ್-ಲಂಗ್ ಯಂತ್ರ. ಅದರ ಕೊಳವೆಗಳಲ್ಲಿ ಗಾಳಿ ಉಳಿಯುವಂತಿಲ್ಲ, ಮೊದಲೇ ದ್ರವ ತುಂಬಿಸಿಡಬೇಕು. ಆಗ ತುಂಬಿಸುತ್ತಿದ್ದದ್ದು ರಕ್ತವನ್ನೇ.

ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ಇದಕ್ಕೆ ಒಪ್ಪುತ್ತಿರಲಿಲ್ಲ. ರಕ್ತದಿಂದ ದೂರವಿರಿ ಎಂಬ ಮಾತು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ರಕ್ತ ಏರಿಸಿಕೊಳ್ಳುವುದಕ್ಕೂ ಅದು ಅನ್ವಯಿಸುತ್ತದೆ ಅಂತ ಅವರ ನಂಬಿಕೆ. ಪ್ರಾಣ ಹೋದರೂ ಸರಿ, ಬೇರೆಯವರ ರಕ್ತ ಬೇಡ.

ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಸರ್ಜನ್ ಡೆಂಟನ್ ಕೂಲಿ ಅಂಥವರಿಗೂ ಆಪರೇಶನ್ ಮಾಡಲು ಮುಂದಾದರು. 1960ರ ದಶಕದ ಆರಂಭದಲ್ಲಿ ಅವರು ಯಂತ್ರಕ್ಕೆ ರಕ್ತದ ಬದಲು ಡೆಕ್ಸ್‌ಟ್ರೋಸ್ ತುಂಬಿಸಿದರು. ಅಂದರೆ ನಮಗೆ ಆಸ್ಪತ್ರೆಯಲ್ಲಿ ಏರಿಸುವ ಗ್ಲೂಕೋಸ್ ನೀರೇ. ಅದು ಬೆರೆತಾಗ ರೋಗಿಯ ರಕ್ತ ತೆಳುವಾಗುತ್ತದೆ. ಕೇಳಿದರೆ ಭಯ ಆಗುತ್ತದೆ, ಅಲ್ವಾ? ಆದರೆ ಇದರಲ್ಲಿ ಲಾಭವಿದೆ. ಆಪರೇಶನ್‌ನಲ್ಲಿ ದೇಹವನ್ನು ತಂಪು ಮಾಡಿದಾಗ ರಕ್ತ ಮಂದವಾಗುತ್ತದೆ. ತೆಳು ಮಾಡಿದ ರಕ್ತ ಸಣ್ಣ ನಾಳಗಳಲ್ಲೂ ಸಲೀಸಾಗಿ ಹರಿಯುತ್ತದೆ. ಸೋರಿ ಹೋದರೂ ಅದರ ಜೊತೆ ಹೋಗುವ ಕೆಂಪು ಕಣಗಳು ಕಡಿಮೆ.

1977ರಲ್ಲಿ ಕೂಲಿ ತಂಡ 542 ಆಪರೇಶನ್‌ಗಳ ವರದಿ ಪ್ರಕಟಿಸಿತು. ಒಬ್ಬರಿಗೂ ರಕ್ತ ಕೊಟ್ಟಿರಲಿಲ್ಲ. ರಕ್ತ ಹೋಗಿದ್ದೇ ನೇರ ಕಾರಣವಾಗಿ ಸತ್ತವರು 3 ಮಂದಿ. ಆ ಮೂವರನ್ನು ಮರೆತು ಈ ಕಥೆ ಹೇಳುವುದು ತಪ್ಪು. ನಾನು ಆ ನಂಬಿಕೆಯವನಲ್ಲ, ರಕ್ತದಾನದಿಂದ ಉಳಿದ ಜೀವಗಳ ಬೆಲೆಯೂ ಗೊತ್ತು. ಆದರೂ ರೋಗಿಗಳು ಅಷ್ಟು ಗಟ್ಟಿಯಾಗಿ ನಿಲ್ಲದಿದ್ದರೆ, ಇನ್ನೊಂದು ಬಾಟಲಿ ರಕ್ತ ತರಿಸುವುದು ಬಿಟ್ಟು ಸರ್ಜನ್‌ಗಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಾ?

ಸೋರಿದ ರಕ್ತವನ್ನು ಹೀರಿ, ತೊಳೆದು, ಅದೇ ರೋಗಿಗೆ ವಾಪಸ್ ಕೊಡುವ ಯಂತ್ರವೂ ಈಗ ಇದೆ. ಯೆಹೋವನ ಸಾಕ್ಷಿಗಳಲ್ಲಿ ಅನೇಕರು ಅದಕ್ಕೆ ಒಪ್ಪುತ್ತಾರೆ, ಒಂದು ಷರತ್ತಿನ ಮೇಲೆ: ಕೊಳವೆ ದೇಹದಿಂದ ಕಳಚಬಾರದು. ಹಾಗಿದ್ದರೆ ರಕ್ತ ಇನ್ನೂ ದೇಹದಲ್ಲೇ ಸುತ್ತುತ್ತಿದೆ ಎಂದು ಲೆಕ್ಕ. ವೈದ್ಯರು ಅದನ್ನು ಗೌರವಿಸಿ ಕೊಳವೆ ಜೋಡಿಸಿಯೇ ಇಡುತ್ತಾರೆ.

2012ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಧ್ಯಯನವೊಂದು 322 ಸಾಕ್ಷಿಗಳನ್ನು, ರಕ್ತ ಪಡೆದ ಅಂಥದೇ ರೋಗಿಗಳ ಜೊತೆ ಹೋಲಿಸಿತು. ಒಂದು ವರ್ಷದ ನಂತರ ಬದುಕಿದ್ದವರು ಸಾಕ್ಷಿಗಳಲ್ಲಿ 95%, ಉಳಿದವರಲ್ಲಿ 89%. ರಕ್ತವೇ ಬೇಡ ಅನ್ನುವುದಕ್ಕೆ ಇದು ಪುರಾವೆಯಲ್ಲ. ಸಾಕ್ಷಿಗಳಿಗೆ ಆಪರೇಶನ್‌ಗೆ ಮೊದಲೇ ಕಬ್ಬಿಣಾಂಶ, ಔಷಧ ಕೊಟ್ಟು ಹಿಮೋಗ್ಲೋಬಿನ್ ಏರಿಸುವ ರೂಢಿಯಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೈಪಾಸ್‌ಗೆ ದಿನ ಗೊತ್ತಾಗಿದ್ದರೆ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ಈಗಲೇ ವೈದ್ಯರನ್ನು ಕೇಳಿ.