ದುಡ್ಡು ಹಾಕುವುದಿದ್ದರೆ ಸ್ಕ್ರೂಗೆ ಹಾಕಿ

ಕೈಯಲ್ಲಿ ತಿರುಗಿಸುವ ಸಣ್ಣ ಮಿಲ್ಲಿಂಗ್ ಮಶಿನ್ನಿಗೆ (ತಿರುಗುವ ಕಟರಿನಿಂದ ಲೋಹ, ಮರ ಕೊರೆಯುವ ಯಂತ್ರ) ಕಂಪ್ಯೂಟರ್ ಜೋಡಿಸಬೇಕೆನ್ನುವವರು ಮೊದಲು ವಿಚಾರಿಸುವುದು ಮೋಟರುಗಳಿಗೆ ಆಜ್ಞೆ ಕೊಡುವ ಕಂಟ್ರೋಲರ್ ಯಾವುದು ಎಂದು. ಇಡೀ ಕೆಲಸದಲ್ಲಿ ಅಗ್ಗದ ಭಾಗವೇ ಅದು. ಆರ್ಡುಯಿನೊ ಊನೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿಗೆ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ತುಂಬಿದರೆ ಉದ್ದ, ಅಡ್ಡ, ಮೇಲೆ-ಕೆಳಗೆ ಎಂಬ ಮೂರು ಅಕ್ಷಗಳು ಓಡುತ್ತವೆ. ಕೆಲಸ ಕೆಡುವುದು ಟೇಬಲ್ಲಿನ ಕೆಳಗೆ, ಅದನ್ನು ಸರಿಸುವ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲದಲ್ಲಿ.

ಅದನ್ನು ಮೊದಲೇ ಅಳೆಯಿರಿ. ಟೇಬಲ್ಲಿಗೆ ಡಯಲ್ ಗೇಜ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಾಗಿಸಿ, ಹ್ಯಾಂಡಲ್ ಒಂದೇ ದಿಕ್ಕಿಗೆ ತಿರುಗಿಸಿ ಸೊನ್ನೆಗೆ ಹೊಂದಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿ. ಮುಳ್ಳು ಅಲುಗುವ ಮೊದಲು ಹ್ಯಾಂಡಲ್ ಎಷ್ಟು ಪೊಳ್ಳಾಗಿ ತಿರುಗಿತೋ ಅಷ್ಟು ಸಡಿಲ. ಸವೆದ ಮಶಿನ್ನಿನಲ್ಲಿ 0.2 ಮಿ.ಮೀ. ಇದ್ದರೆ ಆಶ್ಚರ್ಯವಿಲ್ಲ. ಪಳಗಿದ ಕೈ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲಿಸಿ ಇದನ್ನು ನಿಭಾಯಿಸುತ್ತದೆ. ಜಿಆರ್‌ಬಿಎಲ್‌ಗೆ ಆ ಉಪಾಯ ಗೊತ್ತಿಲ್ಲ. 40 ಮಿ.ಮೀ. ವೃತ್ತ ಕೊರೆದು ನೋಡಿ: ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆ ಮೆಟ್ಟಿಲಿನಂಥ ಗುರುತು ಬೀಳುತ್ತದೆ. ಲಿನಕ್ಸ್‌ಸಿಎನ್‌ಸಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಈ ಸಡಿಲಕ್ಕೆ ಲೆಕ್ಕದ ತಿದ್ದುಪಡಿ ಇದೆ, ಆದರೆ ಕಟರ್ ಟೇಬಲ್ಲನ್ನು ತನ್ನತ್ತ ಎಳೆದುಕೊಂಡಾಗ ಲೆಕ್ಕ ಏನೂ ಮಾಡಲಾರದು.

ಆದ್ದರಿಂದ ಉದ್ದ ಮತ್ತು ಅಡ್ಡ ಅಕ್ಷಗಳಿಗೆ ಬಾಲ್ ಸ್ಕ್ರೂ (ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವ ಸ್ಕ್ರೂ) ಹಾಕಿ. ಸುಲಭವಾಗಿ ಸಿಗುವುದು 1605: ವ್ಯಾಸ 16 ಮಿ.ಮೀ., ಒಂದು ಸುತ್ತಿಗೆ 5 ಮಿ.ಮೀ. ಚಲನೆ. ನಟ್ಟನ್ನು ಸ್ಕ್ರೂನಿಂದ ಸುಮ್ಮನೆ ಕಳಚಬೇಡಿ, ಗುಂಡುಗಳೆಲ್ಲ ಉದುರುತ್ತವೆ. ತುದಿಯ ಬೇರಿಂಗ್ ಅಲುಗಾಡಿದರೂ ಅದೇ ಸಡಿಲ ಮರಳಿ ಬರುತ್ತದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್ ನೆಮಾ 23 ಅಳತೆಯದು ಸಾಕು. ಒಂದು ಸುತ್ತಿಗೆ 200 ಹೆಜ್ಜೆ, ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟು ಪಾಲು ಮಾಡಿದರೆ 1600; ಐದರಿಂದ ಭಾಗಿಸಿದರೆ ಮಿಲಿಮೀಟರಿಗೆ 320. ಜಿಆರ್‌ಬಿಎಲ್‌ನ $100 ಮತ್ತು $101 ಎಂಬ ಸೆಟ್ಟಿಂಗ್‌ಗಳಲ್ಲಿ ಬರೆಯಬೇಕಾದ್ದು ಇದೇ ಅಂಕಿ. ಪವರ್ ಸಪ್ಲೈ 24ರ ಬದಲು 36 ವೋಲ್ಟ್ ಇರಲಿ. ವೇಗ ಹೆಚ್ಚಿದಂತೆ ಸುರುಳಿಯಲ್ಲಿ ಕರೆಂಟ್ ಏರಲು ಸಮಯ ಸಾಲದೆ ಮೋಟರಿನ ಬಲ ಕುಸಿಯುತ್ತದೆ; ವೋಲ್ಟ್ ಹೆಚ್ಚಿದ್ದರೆ ಕರೆಂಟ್ ಬೇಗ ಏರುತ್ತದೆ. ಡ್ರೈವರ್ ಚಾಲೂ ಇದ್ದಾಗ ಮೋಟರಿನ ವೈರ್ ಕೀಳಬೇಡಿ, ಡ್ರೈವರ್ ಸುಡುತ್ತದೆ.

ಮೇಲೆ-ಕೆಳಗಿನ ಅಕ್ಷಕ್ಕೆ ಮಾತ್ರ ಹಳೆಯ ಸ್ಕ್ರೂವೇ ಇರಲಿ. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಹೋದ ಕ್ಷಣ ಮೋಟರಿನ ಹಿಡಿತ ಬಿಡುತ್ತದೆ, ಕಟರ್ ಹಿಡಿದು ತಿರುಗಿಸುವ ಭಾರದ ಸ್ಪಿಂಡಲ್ ಬಾಲ್ ಸ್ಕ್ರೂವನ್ನು ತಾನೇ ತಿರುಗಿಸಿಕೊಂಡು ಕೆಳಗಿಳಿದು ಕಟರನ್ನೂ ಕೊರೆಯುತ್ತಿರುವ ತುಂಡನ್ನೂ ಮುರಿಯಬಹುದು. ಹಳೆಯ ಸ್ಕ್ರೂ ತನ್ನ ಘರ್ಷಣೆಯಿಂದಲೇ ನಿಲ್ಲುತ್ತದೆ. ಭಾರ ಸದಾ ಒಂದೇ ಬದಿಗೆ ಒತ್ತುವುದರಿಂದ ಸಡಿಲವೂ ಅಷ್ಟಾಗಿ ಕಾಡುವುದಿಲ್ಲ. ಕರೆಂಟ್ ಮರಳಿದಾಗ ಮಶಿನ್ನಿಗೆ ತಾನೆಲ್ಲಿದ್ದೇನೆಂಬುದು ನೆನಪಿರುವುದಿಲ್ಲ, ಹಾಗಾಗಿ ಆರಂಭದ ಜಾಗ ತಿಳಿಸುವ ಹೋಮ್ ಸ್ವಿಚ್ ಕಡ್ಡಾಯ. ಸ್ಪಿಂಡಲ್ ಮೋಟರಿನ ವಿದ್ಯುತ್ ಗದ್ದಲಕ್ಕೆ ಈ ಸ್ವಿಚ್‌ಗಳು ಸುಳ್ಳು ಸಂಕೇತ ಕೊಡುತ್ತವೆ: ಶೀಲ್ಡ್ ಕೇಬಲ್ (ಲೋಹದ ಹೊದಿಕೆಯ ವೈರ್) ಬಳಸಿ, ಶೀಲ್ಡನ್ನು ಡ್ರೈವರ್ ಪೆಟ್ಟಿಗೆಯ ಕಡೆ ಮಾತ್ರ ಅರ್ತ್ ಮಾಡಿ, ಬೋರ್ಡಿನಲ್ಲಿ ಸ್ವಿಚ್ ಸೇರುವ ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಘಟ್ಟದ ಕೆಳಗೆ, ಕಾರವಾರದಿಂದ ಭಟ್ಕಳದವರೆಗೆ, ಉಪ್ಪುಗಾಳಿಯದೇ ಕಾಟ. ಬಾಲ್ ಸ್ಕ್ರೂವಿನ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಗುಂಡು ಓಡುವ ದಾರಿಯಲ್ಲಿ ಒಮ್ಮೆ ಕಲೆ ಬಿದ್ದರೆ ಸ್ಕ್ರೂ ಹೋದಂತೆಯೇ. ಗುಡಿಗಾರರ ಕೆತ್ತನೆಯಂಥ ಮರಗೆಲಸಕ್ಕೆ ಬಳಸುವವರು ಇನ್ನೂ ಎಚ್ಚರವಾಗಿರಬೇಕು, ಮರದ ಹುಡಿ ತೇವ ಹೀರಿ ಲೋಹಕ್ಕೆ ಅಂಟಿ ಕೂರುತ್ತದೆ. ಸಂಜೆ ಹುಡಿ ಗುಡಿಸಿ, 68 ದರ್ಜೆಯ ಸ್ಲೈಡ್‌ವೇ ಎಣ್ಣೆ (ಮಶಿನ್ನಿನ ಜಾರುವ ಭಾಗಗಳಿಗೆ ಹಾಕುವ ಎಣ್ಣೆ) ಸವರಿ, ಮುಚ್ಚಿಡಿ. ಡ್ರೈವರ್ ಪೆಟ್ಟಿಗೆಗೆ ಫ್ಯಾನ್ ಬೇಕೇ ಬೇಕಾದರೆ ಗಾಳಿ ಒಳಬರುವಲ್ಲಿ ಫಿಲ್ಟರ್ ಇರಲಿ, ಮಶಿನ್ ನಿಲ್ಲಿಸಿದಾಗ ಆ ಕಿಂಡಿ ಮುಚ್ಚುವಂತಿರಲಿ.