ಪೆರೋಲ್: ಭಾಷೆ ಕೊಟ್ಟು ಹೊರಬರುವುದು

ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ಎರಡು ಅರ್ಥ. ಆಡುವ ನುಡಿಯೂ ಭಾಷೆ, ಕೊಟ್ಟ ಮಾತೂ ಭಾಷೆ. ‘ಭಾಷೆ ಕೊಟ್ಟಿದ್ದೇನೆ, ತಪ್ಪಲಾರೆ’ ಅನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಎರಡನೆಯದು. ಫ್ರೆಂಚಿನ ‘ಪರೋಲ್’ ಕೂಡ ಹಾಗೆಯೇ: ಮಾತು ಎಂದೂ ಹೌದು, ವಚನ ಎಂದೂ ಹೌದು. ಪತ್ರಿಕೆಗಳಲ್ಲಿ ಕಾಣುವ ‘ಪೆರೋಲ್’ ಹುಟ್ಟಿದ್ದು ಆ ವಚನದಿಂದ.

ಮೊದಲು ಇದು ಯುದ್ಧಕೈದಿಗಳ ಪದ. ‘ಇನ್ನು ನಿಮ್ಮ ಮೇಲೆ ಆಯುಧ ಎತ್ತುವುದಿಲ್ಲ’ ಎಂದು ಸೆರೆಸಿಕ್ಕ ಸೈನಿಕ ಮಾತು ಕೊಟ್ಟರೆ ಅವನನ್ನು ಬಿಟ್ಟು ಕಳಿಸುವುದಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ ದಕ್ಷಿಣದವರ ಕೈಲಿದ್ದ ವಿಕ್ಸ್‌ಬರ್ಗ್ ಪಟ್ಟಣ ಶರಣಾದಾಗ, ಉತ್ತರದ ಸೇನಾನಿ ಜನರಲ್ ಗ್ರಾಂಟ್ ಸುಮಾರು 29,000 ಎದುರಾಳಿ ಸೈನಿಕರನ್ನು ಹೀಗೆ ಬಿಟ್ಟರು. ಒಬ್ಬೊಬ್ಬನಿಗೂ ಮುದ್ರಿಸಿದ ಒಂದು ಚೀಟಿ, ಅದರ ಕೆಳಗೆ ರುಜು. ಮನೆಯತ್ತ ನಡೆದವನನ್ನು ಹಿಡಿದಿಟ್ಟದ್ದು ಆ ರುಜು ಮಾತ್ರ.

ಜೈಲಿಗೆ ಈ ಆಲೋಚನೆ ಬಂದದ್ದು ಬೇರೆ ದಾರಿಯಲ್ಲಿ. 1840ರಲ್ಲಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ಬಂದೀಖಾನೆಯ ಹೊಣೆ ಹೊತ್ತ ಅಲೆಕ್ಸಾಂಡರ್ ಮೆಕಾನಕಿ ಕೈದಿಗಳ ದುಡಿಮೆಗೂ ನಡತೆಗೂ ಅಂಕ ಕೊಡತೊಡಗಿದರು. ಅಂಕ ಕೂಡಿದಂತೆ ಬಿಗಿ ಸಡಿಲವಾಗುತ್ತಿತ್ತು. ಐರ್ಲೆಂಡಿನಲ್ಲಿ ಜೈಲುಗಳ ಮುಖ್ಯಸ್ಥರಾಗಿದ್ದ ವಾಲ್ಟರ್ ಕ್ರಾಫ್ಟನ್ ಅದನ್ನು ಬೆಳೆಸಿದರು. 1876ರಲ್ಲಿ ನ್ಯೂಯಾರ್ಕಿನ ಎಲ್ಮೈರಾದಲ್ಲಿ ಶುರುವಾದ ಸುಧಾರಣಾಲಯದ ಮೂಲಕ ಅದು ಅಮೆರಿಕದಲ್ಲಿ ಬೇರೂರಿತು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಭಾರತದಲ್ಲಿ ಪೆರೋಲ್ ಎಂದರೆ ಹೋಗಿ ಮರಳುವ ರಜೆ. ತಾಯಿಯ ಅಂತ್ಯಕ್ರಿಯೆಗೋ ಮಗಳ ಮದುವೆಗೋ ಕೆಲವು ದಿನ ಹೊರಗೆ ಬಿಡುತ್ತಾರೆ, ಕೈದಿ ಮತ್ತೆ ಬಂದು ಒಳಸೇರಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿ ಅದೇ ಪದಕ್ಕೆ ಷರತ್ತಿನ ಮೇಲೆ ಬಿಡುಗಡೆ, ಉಳಿದ ಶಿಕ್ಷೆಯನ್ನು ಹೊರಗಿದ್ದು ಕಳೆಯುವುದು ಎಂಬ ಅರ್ಥ. ಅದಕ್ಕೆ ನಮ್ಮಲ್ಲಿ ಸಮೀಪದ ಪದ ‘ಅವಧಿಪೂರ್ವ ಬಿಡುಗಡೆ’. ಜೀವಾವಧಿ ಎಂದರೆ 14 ವರ್ಷ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಜೀವಾವಧಿ ಎಂದರೆ ಜೀವ ಇರುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ, ಗಾಂಧಿ ಹತ್ಯೆಯ ಸಂಚಿನಲ್ಲಿ ಶಿಕ್ಷೆಯಾದ ಗೋಪಾಲ್ ಗೋಡ್ಸೆ ಪ್ರಕರಣದಲ್ಲಿ ಹೇಳಿದೆ. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಪಡೆದವರನ್ನು 14 ವರ್ಷ ತುಂಬುವ ಮೊದಲು ಸರ್ಕಾರ ಬಿಡುವಂತಿಲ್ಲ. ಕಾನೂನಿನಲ್ಲಿ 14ಕ್ಕೆ ಇರುವ ಅರ್ಥ ಇಷ್ಟೇ.

ಕೊಲೆ ಮಾಡಿದವನು ಜೈಲಿನಲ್ಲೇ ಮುದುಕನಾದರೆ? ಪೆರೋಲ್ ಪದ ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಇಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ‘ವೃದ್ಧರ ಪೆರೋಲ್’ ಎಂಬ ಪ್ರತ್ಯೇಕ ಏರ್ಪಾಡೇ ಇದೆ. 50 ವರ್ಷ ದಾಟಿ, 20 ವರ್ಷ ಸತತವಾಗಿ ಜೈಲಿನಲ್ಲಿ ಕಳೆದವರ ಅರ್ಜಿಯನ್ನು ಪೆರೋಲ್ ಮಂಡಳಿ ಕೇಳಬೇಕು. ಪೆರೋಲೇ ಇಲ್ಲದ ಜೀವಾವಧಿಯವರು ಇದಕ್ಕೆ ಹೊರಗು. ಇದರ ಹಿಂದಿನ ತರ್ಕ ಸರಳ. ಹಿಂಸೆಯ ಅಪರಾಧಗಳು ಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಹೆಚ್ಚು. ವಯಸ್ಸು ಏರಿದಂತೆ ಇಳಿಯುತ್ತವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2012ರ ಒಂದು ತೀರ್ಪಿನ ನಂತರ, ಕೊಲೆಯಂಥ ಘೋರ ಅಪರಾಧಗಳಿಗೆ ದಶಕಗಟ್ಟಲೆ ಒಳಗಿದ್ದ 200ರ ಹತ್ತಿರದಷ್ಟು ವೃದ್ಧರು ಹೊರಬಂದರು. ಮತ್ತೆ ಜೈಲು ಸೇರಿದವರು ಬೆರಳೆಣಿಕೆಯಷ್ಟು.

ಆದರೂ ವಯಸ್ಸನ್ನು ನೆಚ್ಚಿ ಕೂರುವಂತಿಲ್ಲ. ಮೇಯ್ನ್ ರಾಜ್ಯದ ಆಲ್ಬರ್ಟ್ ಫ್ಲಿಕ್ 1979ರಲ್ಲಿ ಹೆಂಡತಿಯನ್ನು ಇರಿದು ಕೊಂದವನು. ಶಿಕ್ಷೆ ಮುಗಿಸಿ ಬಂದ ಮೇಲೂ ಹೆಂಗಸರ ಮೇಲೆ ಕೈಮಾಡಿದ. 2010ರಲ್ಲಿ ಅಂಥದ್ದೇ ಪ್ರಕರಣದಲ್ಲಿ ಶಿಕ್ಷೆ ವಿಧಿಸಿದ ನ್ಯಾಯಾಧೀಶರು, ವಯಸ್ಸು ಮುಂದೆ ಇವನ ಕೈ ಕಟ್ಟೀತು ಎಂದು ಭಾವಿಸಿದರು. 2018ರಲ್ಲಿ, 76ರ ಪ್ರಾಯದಲ್ಲಿ, ಅವನು ಇನ್ನೊಬ್ಬ ಹೆಣ್ಣುಮಗಳನ್ನು ಅವಳ ಅವಳಿ ಗಂಡುಮಕ್ಕಳ ಕಣ್ಣೆದುರೇ ಇರಿದು ಕೊಂದ. ಅವನು ಪೆರೋಲ್ ಮೇಲೆ ಇದ್ದವನಲ್ಲ, ನಿಜ. ಆದರೆ ‘ಮುದುಕ ತಾನೇ’ ಎಂಬ ಉದಾಸೀನದ ಬೆಲೆ ತೆತ್ತವರು ಆ ಎರಡು ಮಕ್ಕಳು.

ಇನ್ನೊಂದು ಚಿತ್ರ ನನ್ನನ್ನು ಬಿಡದೆ ಕಾಡುತ್ತದೆ. 1969ರಲ್ಲಿ ಚಾರ್ಲ್ಸ್ ಮ್ಯಾನ್ಸನ್ ಎಂಬವನ ಹಿಂಬಾಲಕರ ಗುಂಪು ತುಂಬು ಗರ್ಭಿಣಿ ನಟಿ ಶರಾನ್ ಟೇಟ್ ಅವರನ್ನು ಕೊಂದಾಗ ಜೊತೆಗಿದ್ದ ಸೂಸನ್ ಅಟ್ಕಿನ್ಸ್, 2009ರ ಸೆಪ್ಟೆಂಬರಿನಲ್ಲಿ ಪೆರೋಲ್ ವಿಚಾರಣೆಗೆ ಬಂದದ್ದು ಚಕ್ರದ ಮಂಚದ ಮೇಲೆ. ಮಿದುಳಿನ ಕ್ಯಾನ್ಸರ್, ಒಂದು ಕಾಲು ಇಲ್ಲ. ವಿಚಾರಣೆಯ ಬಹುಪಾಲು ಆಕೆ ನಿದ್ದೆಯಲ್ಲೇ ಇದ್ದರು. ಮಂಡಳಿ ಒಪ್ಪಲಿಲ್ಲ. ಅದೇ ತಿಂಗಳು ಜೈಲಿನಲ್ಲೇ ತೀರಿಕೊಂಡರು. ಎದುರು ಪಕ್ಷದಲ್ಲಿ ಶರಾನ್ ಅವರ ತಾಯಿ ಡೋರಿಸ್ 1980ರ ದಶಕದಿಂದಲೇ ಇಂಥ ವಿಚಾರಣೆಗಳಿಗೆ ಹೋಗಿ, ಬಿಡಬೇಡಿ ಎಂದು ಕೇಳಿಕೊಳ್ಳುತ್ತಿದ್ದರು. 1992ರಲ್ಲಿ ಅವರು ತೀರಿಕೊಂಡರು. ಆಮೇಲೆ ಆ ಕೆಲಸ ಮಗಳು ಪ್ಯಾಟಿಯ ಹೆಗಲಿಗೆ. 2000ದಲ್ಲಿ ಆಕೆಯೂ ತೀರಿಕೊಂಡ ಮೇಲೆ ಇನ್ನೊಬ್ಬ ಮಗಳು ಡೆಬ್ರಾಗೆ. ಪೆರೋಲ್ ವಿಚಾರಣೆ ಎಂದರೆ ಅವರ ಪಾಲಿಗೆ ಅದೇ ರಾತ್ರಿಯನ್ನು ಮತ್ತೆ ಮತ್ತೆ ಹೇಳುವುದು. ಅಪರಾಧಿಗೆ ವಯಸ್ಸಾದಂತೆ ಇವರಿಗೂ ಆಗಿದೆ ಎಂಬುದು ಚರ್ಚೆಯಲ್ಲಿ ಯಾಕೋ ಮರೆತುಹೋಗುತ್ತದೆ.

ಅಟ್ಕಿನ್ಸ್ ಅವರಂಥ ಸ್ಥಿತಿಯಲ್ಲಿ ಪೆರೋಲ್ ಎಂಬ ಪದವೇ ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ. ಭಾಷೆ ಕೊಡಲು ಎಚ್ಚರ ಇರಬೇಕು, ಕೊಟ್ಟದ್ದನ್ನು ಮುರಿಯುವ ಶಕ್ತಿಯೂ ಇರಬೇಕು. ಸಾವಿನ ಅಂಚಿನಲ್ಲಿರುವವರನ್ನು, ತನ್ನ ಹೆಸರೇ ಮರೆತ ಮರೆಗುಳಿ ರೋಗಿಯನ್ನು ಬಿಡುವುದಾದರೆ ಅದು ಕರುಣೆ. ಹಲವು ಕಾನೂನುಗಳಲ್ಲಿ ಅದಕ್ಕೆ ಅನುಕಂಪದ ಬಿಡುಗಡೆ ಎಂಬ ಬೇರೆಯೇ ವಿಧಿ ಇದೆ. ಅಲ್ಲಿ ಪಶ್ಚಾತ್ತಾಪದ ಲೆಕ್ಕ ಹಾಕುತ್ತ ಕೂರುವುದರಲ್ಲಿ ಹುರುಳಿಲ್ಲ. ಪೆರೋಲಿಗಾದರೆ ಆ ಲೆಕ್ಕವೇ ಮುಖ್ಯ: ಮಾಡಿದ್ದನ್ನು ಇವನು ನೇರವಾಗಿ ಒಪ್ಪಿಕೊಂಡಿದ್ದಾನೆಯೇ, ಕೊಂದವರ ಹೆಸರು ಹಿಡಿದು ಮಾತಾಡಬಲ್ಲನೇ, ಇಷ್ಟು ವರ್ಷ ಒಳಗೆ ಹೇಗೆ ಬದುಕಿದ, ಇವನ ಮಾತನ್ನು ನಂಬಬಹುದೇ.

ಕೇಳುವ ಅವಕಾಶವನ್ನೇ ಇಲ್ಲವಾಗಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಜೀವಾವಧಿ ಕೈದಿಗೂ ಎಂದಾದರೂ ಹೊರಬರುವ ನೈಜ ಅವಕಾಶ ಇರಬೇಕು ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 1977ರಲ್ಲಿ ಹೇಳಿತು. ಮರುಪರಿಶೀಲನೆಯ ದಾರಿಯೇ ಇಲ್ಲದ ಜೀವಾವಧಿ ಅಮಾನವೀಯ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ, ವಿಂಟರ್ ಪ್ರಕರಣದಲ್ಲಿ ತೀರ್ಪಿತ್ತಿತು. ಅರ್ಜಿ ಕೇಳಲೇಬೇಕು ಎಂದ ಮಾತ್ರಕ್ಕೆ ಬಿಡಲೇಬೇಕು ಎಂದಾಗುವುದಿಲ್ಲ. ಡೋರಿಸ್ ಟೇಟ್ ಕೂತ ಕುರ್ಚಿ ಆ ಕೋಣೆಯಲ್ಲಿ ಇರಬೇಕು, ಅವರ ಮಾತಿಗೂ ತೂಕ ಇರಬೇಕು.

ಬಿಟ್ಟ ಮೇಲೂ ಭಾಷೆ ತೀರುವುದಿಲ್ಲ. ಇಂಗ್ಲೆಂಡಿನಲ್ಲಿ ಜೀವಾವಧಿ ಕೈದಿ ಹೊರಬರುವುದು ಆಜೀವ ಲೈಸೆನ್ಸಿನ, ಅಂದರೆ ಸಾಯುವ ತನಕದ ಷರತ್ತಿನ ಪರವಾನಗಿಯ ಮೇಲೆ. ಎಲ್ಲಿ ವಾಸ ಎಂಬುದಕ್ಕೂ ಅಧಿಕಾರಿಯ ಒಪ್ಪಿಗೆ ಬೇಕು. ಷರತ್ತು ಮುರಿದರೆ, ತೊಂಬತ್ತು ವರ್ಷದವನಾಗಿದ್ದರೂ, ಮತ್ತೆ ಒಳಗೆ ಕರೆಸಿಕೊಳ್ಳಬಹುದು.