ವರ್ಚುಯಲ್ ಮಷೀನ್ ಬೇರೆ, ಎಮ್ಯುಲೇಟರ್ ಬೇರೆ

ಕೆಲವರು ಆಪಲ್‌ನ ಎಂ ಸರಣಿಯ ಚಿಪ್ ಇರುವ ಹೊಸ ಮ್ಯಾಕ್ ತಂದು, ಹಳೇ ಪೇಜ್‌ಮೇಕರ್ ಫೈಲು ತೆರೆಯೋಣವೆಂದು ಯುಟಿಎಂ ಎಂಬ, ಮ್ಯಾಕ್‌ನೊಳಗೇ ಬೇರೆ ಓಎಸ್ (ಕಾರ್ಯಾಚರಣ ವ್ಯವಸ್ಥೆ) ನಡೆಸುವ ತಂತ್ರಾಂಶದಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿಕೊಳ್ಳುತ್ತಾರೆ. ಹೀಗೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರಿಗೆಲ್ಲ ಜನ ವರ್ಚುಯಲ್ ಮಷೀನ್ ಎಂದೇ ಅನ್ನುತ್ತಾರೆ. ಅದು ಕುಂಟುತ್ತದೆ. ‘ವರ್ಚುಯಲ್ ಮಷೀನ್ ಅಂದ್ರೆ ಇಷ್ಟೇ ಕಣ್ರೀ, ಬರೀ ಸ್ಲೋ’ ಎಂದು ತೀರ್ಪು ಹೊರಬೀಳುತ್ತದೆ. ಮೊನ್ನೆ ಡಿಟಿಪಿ ಮಾಡುವವರೊಬ್ಬರ ಬಾಯಲ್ಲಿ ಇದೇ ಮಾತು ಮತ್ತೆ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವರು ನಡೆಸುತ್ತಿದ್ದದ್ದು ವರ್ಚುಯಲ್ ಮಷೀನೇ ಅಲ್ಲ, ಎಮ್ಯುಲೇಟರ್.

ಇದು ನಾನು ಎಳೆದ ಗೆರೆಯಲ್ಲ. 1974ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ವರ್ಚುಯಲ್ ಮಷೀನ್ ಎನಿಸಿಕೊಳ್ಳಲು ಏನಿರಬೇಕೆಂದು ಬರೆದಿಟ್ಟರು. ಒಳಗಿನ ಪ್ರೋಗ್ರಾಂಗೆ ಅದು ನಿಜವಾದ ಯಂತ್ರದಂತೆಯೇ ಕಾಣಬೇಕು. ಮೆಮೊರಿ, ಡಿಸ್ಕುಗಳ ಹಿಡಿತ ಹೊರಗಿನ ಮೇಲ್ವಿಚಾರಕ ತಂತ್ರಾಂಶದ (ಹೈಪರ್‌ವೈಸರ್) ಕೈಯಲ್ಲೇ ಉಳಿಯಬೇಕು. ಜನ ಮರೆಯುವುದು ಮೂರನೆಯದನ್ನು: ಬಹುಪಾಲು ಆದೇಶಗಳು ಯಾರ ಮಧ್ಯಪ್ರವೇಶವೂ ಇಲ್ಲದೆ ನೇರವಾಗಿ ಪ್ರೊಸೆಸರ್‌ನಲ್ಲೇ ನಡೆಯಬೇಕು. ವೇಗ ಅಲ್ಲಿಂದಲೇ ಬರುವುದು. ಒಳಗಿನ ಓಎಸ್ ಇಡೀ ಯಂತ್ರಕ್ಕೆ ಕೈಹಾಕುವಂಥ ಆದೇಶ ಕೊಟ್ಟಾಗ ಮಾತ್ರ ಹೈಪರ್‌ವೈಸರ್ ತಡೆದು ತಾನು ನೋಡಿಕೊಳ್ಳುತ್ತದೆ.

ಎಮ್ಯುಲೇಟರ್‌ನದು ದುಭಾಷಿಯ ಕೆಲಸ. ಎಕ್ಸ್‌ಪಿ ಆಡುವುದು ಇಂಟೆಲ್‌ನ ಎಕ್ಸ್86 ಭಾಷೆ, ಎಂ ಚಿಪ್‌ಗೆ ಬರುವುದು ಆರ್ಮ್ ಭಾಷೆ. ನಡುವೆ ಯುಟಿಎಂ ಒಳಗಿನ ಕ್ಯೂಇಎಂಯು (QEMU) ಎಂಬ ಅನುವಾದಕ ತಂತ್ರಾಂಶ ಕೂತು ಎಲ್ಲ ಆದೇಶಗಳನ್ನೂ ಅನುವಾದಿಸಬೇಕು. ನಿಧಾನವಾಗದೆ ಇನ್ನೇನಾದೀತು? ಅದೇ ಮ್ಯಾಕ್‌ನಲ್ಲಿ ಆರ್ಮ್‌ಗಾಗಿಯೇ ಇರುವ ವಿಂಡೋಸ್ 11 ಹಾಕಿ ನೋಡಿ, ಸಲೀಸಾಗಿ ಓಡುತ್ತದೆ. ಅದು ವರ್ಚುಯಲ್ ಮಷೀನ್.

ಯುಟಿಎಂ ಇದನ್ನು ಮುಚ್ಚಿಟ್ಟಿಲ್ಲ. ಹೊಸ ಮಷೀನ್ ಮಾಡಲು ಹೊರಟ ಕೂಡಲೇ ‘ವರ್ಚುಯಲೈಸ್’, ‘ಎಮ್ಯುಲೇಟ್’ ಎಂಬ ಎರಡು ಆಯ್ಕೆ ಮುಂದಿಡುತ್ತದೆ. ಮೊದಲನೆಯದು ವೇಗ, ಎರಡನೆಯದು ನಿಧಾನ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಯಾರೂ ಓದುವುದಿಲ್ಲ. ಯಾವುದನ್ನು ಒತ್ತಿದರೂ ಕೊನೆಗೆ ಸಿಗುವುದಕ್ಕೆ ಅದು ‘ವರ್ಚುಯಲ್ ಮಷೀನ್’ ಎಂದೇ ಹೆಸರಿಡುತ್ತದೆ, ಅದು ಬೇರೆ ಮಾತು.

ಹಾಗೆ ನೋಡಿದರೆ ನಮ್ಮ ಪಿಸಿಗಳೂ ಬಹುಕಾಲ ಆ 1974ರ ಪರೀಕ್ಷೆಯಲ್ಲಿ ಫೇಲಾಗಿದ್ದವೇ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ 1972ರಲ್ಲೇ ವಿಎಂ/370 ಎಂಬ ವರ್ಚುಯಲ್ ಮಷೀನ್ ವ್ಯವಸ್ಥೆ ಪ್ರಕಟಿಸಿತ್ತು. ಆದರೆ ಎಕ್ಸ್86ನಲ್ಲಿ ತಡೆಯಬೇಕಾದ ಕೆಲವು ಆದೇಶಗಳು ಹೈಪರ್‌ವೈಸರ್ ಕೈಗೆ ಸಿಗದೆ ನುಸುಳಿಕೊಳ್ಳುತ್ತಿದ್ದವು. 1999ರಲ್ಲಿ ಬಂದ ವಿಎಂವೇರ್ ಓಎಸ್‌ನ ತಿರುಳಾದ ಕರ್ನಲ್ ಭಾಗವನ್ನಷ್ಟೇ ಓಡುತ್ತೋಡುತ್ತಲೇ ತಿದ್ದಿ ಬರೆದು, ಉಳಿದದ್ದನ್ನು ನೇರ ಪ್ರೊಸೆಸರ್‌ಗೆ ಬಿಟ್ಟು ದಾರಿ ಮಾಡಿಕೊಂಡಿತು. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ಅಂಥ ಆದೇಶಗಳನ್ನು ತಡೆದು ಹೈಪರ್‌ವೈಸರ್‌ಗೆ ಒಪ್ಪಿಸುವ ವ್ಯವಸ್ಥೆಯನ್ನು ಚಿಪ್‌ನೊಳಗೇ ಕೂಡಿಸಿದವು. ವರ್ಚುಯಲ್ ಮಷೀನ್ ನಡೆಸುವ ಇನ್ನೊಂದು ತಂತ್ರಾಂಶ ವರ್ಚುಯಲ್‌ಬಾಕ್ಸ್ 6.1 ಆವೃತ್ತಿಯಿಂದ ಅದಿಲ್ಲದೆ ಕೆಲಸವನ್ನೇ ಮಾಡುವುದಿಲ್ಲ.

ಇಲ್ಲಿ ಇನ್ನೊಂದು ಗೋಳು. ವರ್ಚುಯಲ್‌ಬಾಕ್ಸ್ ‘ವಿಟಿ-ಎಕ್ಸ್ ಇಲ್ಲ’ (ಇಂಟೆಲ್ ಚಿಪ್‌ನ ಆ ವ್ಯವಸ್ಥೆಯ ಹೆಸರು) ಎಂದರೆ ಸಾಕು, ‘ನಮ್ಮ ಸಿಸ್ಟಮ್‌ಗೆ ಸಪೋರ್ಟ್ ಇಲ್ಲ’ ಎಂದು ಕೈಚೆಲ್ಲುತ್ತಾರೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ ‘ವರ್ಚುಯಲೈಸೇಶನ್’ ಎಂಬ ಸಾಲು ನೋಡಿ. ‘ಡಿಸೇಬಲ್ಡ್’ ಎಂದಿದ್ದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ ಆನ್ ಮಾಡಿದರಾಯಿತು. ಎಎಂಡಿ ಬೋರ್ಡುಗಳಲ್ಲಿ ಅದಕ್ಕೆ ‘ಎಸ್‌ವಿಎಂ ಮೋಡ್’ ಎಂದು ಹೆಸರಿರುವುದರಿಂದ ಹುಡುಕುವವರ ಕಣ್ಣು ತಪ್ಪುತ್ತದೆ, ಅಷ್ಟೇ.

ನಿಧಾನವಾದದ್ದೆಲ್ಲ ಎಮ್ಯುಲೇಟರ್ ಎಂದೂ ಅಲ್ಲ. ವರ್ಚುಯಲ್‌ಬಾಕ್ಸ್ ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ ಹಸಿರು ಆಮೆ ಕಂಡರೆ, ವಿಂಡೋಸ್‌ನ ಸ್ವಂತ ಹೈಪರ್‌ವೈಸರ್ ಆದ ಹೈಪರ್-ವಿ ಆಗಲೇ ಪ್ರೊಸೆಸರ್‌ನ ಆ ಸೌಲಭ್ಯ ಹಿಡಿದು ಕೂತಿದೆ, ವರ್ಚುಯಲ್‌ಬಾಕ್ಸ್ ಅದರ ಮೂಲಕ ಹಾದುಹೋಗಬೇಕಾಗಿದೆ ಎಂದರ್ಥ. ವೇಗ ತಗ್ಗಬಹುದು. ಆದರೂ ವರ್ಚುಯಲ್ ಮಷೀನೇ, ಅನುವಾದ ಎಲ್ಲೂ ಇಲ್ಲ.

ಹೆಸರು ನಂಬಿದರೂ ಕೆಟ್ಟಿರಿ. ಆ್ಯಪ್ ತಯಾರಿಸುವವರು ಬಳಸುವ ಆಂಡ್ರಾಯ್ಡ್ ಸ್ಟುಡಿಯೋದ ‘ಎಮ್ಯುಲೇಟರ್’ ಇಂಟೆಲ್ ಪಿಸಿಯಲ್ಲಿ ಎಕ್ಸ್86ಗಾಗಿ ಇರುವ ಆಂಡ್ರಾಯ್ಡ್ ಓಡಿಸುವಾಗ ನಿಜಕ್ಕೂ ವರ್ಚುಯಲ್ ಮಷೀನ್‌ನಂತೆಯೇ ಕೆಲಸ ಮಾಡುತ್ತದೆ. ಲಿನಕ್ಸ್‌ನವರ ವೈನ್ ಎರಡೂ ಅಲ್ಲ: ಅಲ್ಲಿ ಒಳಗೊಂದು ಓಎಸ್ ಇರುವುದೇ ಇಲ್ಲ, ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನು ಲಿನಕ್ಸ್‌ನಿಂದಲೇ ಒದಗಿಸಿಕೊಡುತ್ತದೆ.